ಪಗಾರ, ರೊಟ್ಟಿಯ ಹಂಚು ಮತ್ತು ಪ್ಲಾಟು

ಗದಗಿನ ಯಾವುದಾದರೊಂದು ಚಹದಂಗಡಿಯ ಮುಂದೆ ಸಂಜೆ ಹತ್ತು ನಿಮಿಷ ನಿಂತರೆ ಸಾಕು. ಮಿರ್ಚಿ ಭಜಿ ಎಣ್ಣೆಯಿಂದ ಮೇಲೆ ಬರುವ ಮೊದಲೇ ಒಂದು ಮಾತು ಕಿವಿಗೆ ಬೀಳುತ್ತದೆ: “ಆ ಕಡೆ ಒಂದು ಪ್ಲಾಟ್ ಐತಂತ್ರೀ, ನೋಡೂಣೇನು?” ಹಾಗೆ ಕೇಳುವವರು ದೊಡ್ಡ ಸಾವುಕಾರರಲ್ಲ. ಒಬ್ಬರು ಸಾಲಿಯ ಮಾಸ್ತರರು, ಒಬ್ಬರು ಬಸ್ಸಿನ ಕಂಡಕ್ಟರರು, ಒಬ್ಬರು ಬೆಟಗೇರಿಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡವರು, ಮತ್ತೊಬ್ಬರು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಲಕ್ಷ್ಮೇಶ್ವರಕ್ಕೆ ಹೋಗಿರಿ, ಶಿರಹಟ್ಟಿಗೆ ಹೋಗಿರಿ, ಮುಂಡರಗಿಗೆ ಹೋಗಿರಿ, ಇವರೇ ಕಾಣುತ್ತಾರೆ. ಭೂಮಿಯಲ್ಲಿ ಹಣ ಹಾಕುವವರೆಂದರೆ ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಇಂಥವರೇ.

ಇವರ ಹಣ ಎಲ್ಲಿಂದ ಬರುತ್ತದೆ? ಎಲ್ಲಿ ನಿಲ್ಲುತ್ತದೆ? ಬೇಕಾದಾಗ ತಿರುಗಿ ಬರುತ್ತದೆಯೆ? ಈ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಾನೂ ಇವರಲ್ಲೊಬ್ಬನು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಹುಡುಗರ ಲೆಕ್ಕ ತಿದ್ದಿದ ಕೈಯಿಂದಲೇ ನನ್ನ ಸ್ವಂತದ ಲೆಕ್ಕವನ್ನು ತಪ್ಪಿಸಿಕೊಂಡವನು. ಆದ್ದರಿಂದ ಈ ಮಾತು ಬಲ್ಲವನ ಉಪದೇಶವಲ್ಲ, ಎಡವಿದವನ ಅನುಭವ ಎಂದು ತಿಳಿಯಿರಿ.

ಒಂದು ಕಸಬಿನ ಬೆನ್ನಿಗೆ ಇನ್ನೊಂದು ಕಸಬು ಕಟ್ಟಿಕೊಳ್ಳುವದು ನಮ್ಮ ಕಡೆ ಹೊಸದೇನಲ್ಲ. 1884ರಲ್ಲಿ ಗದಗಿಗೆ ರೈಲು ಬಂದಿತು. ಹತ್ತಿ ಅಂಡಿಗೆಗಳು ದೂರದ ಊರುಗಳಿಗೆ ಹೊರಟವು. ಹತ್ತಿಯ ಹಿಂದೆ ಅಡತಿ, ಅಡತಿಯ ಹಿಂದೆ ಚಕ್ಕಡಿಯ ಬಾಡಿಗೆ, ಅದರ ಹಿಂದೆ ಖಾನಾವಳಿ, ಹೀಗೆ ಒಂದರಿಂದೊಂದು ಹುಟ್ಟಿದವು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಸ್ಥಾಪಿಸಿದರು. ಸಣ್ಣ ಗಳಿಕೆಯವನು ಬಡ್ಡಿಯವರ ಬಾಗಿಲಿಗೆ ಹೋಗದೆ ಬದುಕುವ ದಾರಿಯನ್ನು ಆ ಸಂಘ ತೋರಿಸಿತು. ಮುಂದೆ ಇದೇ ಗದಗಿನ ಮುದ್ರಣ-ಪ್ರಕಾಶನದ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಾಣಿಕೆಯ ವ್ಯವಹಾರ ತೊಡಗಿದರು. ಮನೆಯ ಕಸಬಿನ ಪಕ್ಕದಲ್ಲಿ ಹುಟ್ಟಿದ ಕಸಬು ಎಷ್ಟು ದೊಡ್ಡದಾಯಿತೆಂಬುದನ್ನು ನೀವು ಹೆದ್ದಾರಿಯಲ್ಲಿ ದಿನಾಲು ನೋಡುತ್ತೀರಿ.

ಇರಲಿ. ಎಲ್ಲರೂ ಲಾರಿಯ ಒಡೆಯರಾಗುವದಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ಪಕ್ಕದ ಕಸಬು ಕಡಕ ರೊಟ್ಟಿಯದು. ನನ್ನ ಪಗಾರದಲ್ಲಿ ಮನೆ ನಡೆಯುತ್ತಿತ್ತು, ಆದರೆ ಏನೂ ಉಳಿಯುತ್ತಿರಲಿಲ್ಲ. ನನ್ನ ಹೆಂಡತಿ ಒಂದು ದಿನ ಹಂಚು ಇಟ್ಟಳು. ಮೊದಲು ನೆರೆಮನೆಯವರಿಗೆ, ಆಮೇಲೆ ಒಂದು ಖಾನಾವಳಿಗೆ, ಆಮೇಲೆ ಮದುವೆ ಮನೆಗಳಿಗೆ ರೊಟ್ಟಿ, ಶೇಂಗಾ ಚಟ್ನಿ ಹೋಗತೊಡಗಿದವು. ಸರಕಾರಿ ನೌಕರನು ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಆಸ್ತಿ ಕೊಂಡರೆ, ಮಾರಿದರೆ ಇಲಾಖೆಗೆ ತಿಳಿಸಬೇಕು. ಹಿಂದೆ 1966ರ ನಡತೆ ನಿಯಮಗಳಿದ್ದವು, ಈಗ 2021ರವು ಇವೆ. ಕಸಬು ನನ್ನದಲ್ಲ, ಅವಳದು. ಲೆಕ್ಕವೂ ಅವಳ ವಹಿಯಲ್ಲಿಯೇ ಇತ್ತು. ಪಕ್ಕದ ಕಸಬು ಮಾಡುವ ನೌಕರರು ಈ ಮಾತನ್ನು ಮರೆಯಬಾರದು.

ಆ ವಹಿಯಲ್ಲಿ ಹಣ ಕೂಡಿತು. ಭಿಶಿಯ ಹಣವೂ ಸೇರಿತು. ಹಣ ಕೂಡಿದ ಕೂಡಲೇ ಮನುಷ್ಯನಿಗೆ ಬುದ್ಧಿ ಹೆಚ್ಚಾದಂತೆ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತು. 1997ರಲ್ಲಿ ಗದಗ ಬೇರೆ ಜಿಲ್ಲೆಯಾದಾಗ ಕಚೇರಿಗಳು ಬಂದವು, ನೌಕರರು ಬಂದರು, ಊರು ಹೊರಗೆ ಬೆಳೆಯಿತು. ಆಗ ಜಾಗ ಕೊಂಡವರು ಗೆದ್ದರೆಂದು ಎಲ್ಲರೂ ಹೇಳುತ್ತಿದ್ದರು. 2009ರಲ್ಲಿ ನಾವು ನಾಲ್ವರು ಗೆಳೆಯರು, ಮೂವರು ಶಿಕ್ಷಕರು ಮತ್ತು ಒಬ್ಬ ಅಡತಿ ಗುಮಾಸ್ತ, ಊರ ಹೊರಗೆ 20 ಗುಂಟೆ ಹೊಲ ಕೊಂಡೆವು. ನಾವೆಲ್ಲ ಒಕ್ಕಲುತನದ ಮನೆತನದವರೇ ಆಗಿದ್ದರಿಂದ ಹೊಲ ಕೊಳ್ಳಲು ಅಡ್ಡಿಯಿರಲಿಲ್ಲ. ದಲಾಲಿ ಹೇಳಿದ, “ಇವತ್ತು ಹೊಲ, ನಾಳೆ ಪ್ಲಾಟ್. ತಲಿಗೆ ಐದು ಗುಂಟೆ. ಕಣ್ಣು ಮುಚ್ಚಿ ತಗೋರಿ.” ನಾವು ನಿಜವಾಗಿಯೂ ಕಣ್ಣು ಮುಚ್ಚಿಯೇ ತೆಗೆದುಕೊಂಡೆವು.

ಲೆಕ್ಕ ನೋಡಿರಿ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ. ಐದು ಗುಂಟೆಗೆ 5,445 ಚದರ ಅಡಿ. 30-40ರ ಪ್ಲಾಟು 1,200 ಚದರ ಅಡಿ. ಅಂದರೆ ತಲೆಗೆ ನಾಲ್ಕು ಪ್ಲಾಟು, ಮೇಲೆ ಸ್ವಲ್ಪ ಉಳಿತಾಯ! ಗಣಿತದ ಮಾಸ್ತರನ ಲೆಕ್ಕ ಸರಿಯಾಗಿಯೇ ಇತ್ತು. ಲೋಕದ ಲೆಕ್ಕ ಬೇರೆ ಇತ್ತು. ಹೊಲ ಪ್ಲಾಟಾಗಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಅದು ಬಿನ್‌ಶೇತ್ಕಿಯಾಗಬೇಕು. ಆಮೇಲೆ ಲೇಔಟಿಗೆ ಮಂಜೂರಾತಿ ಬೇಕು. ರಸ್ತೆಗೆ, ಉದ್ಯಾನಕ್ಕೆ, ಗಟಾರಕ್ಕೆ ಜಾಗ ಬಿಡಬೇಕು. ಹಾಗೆ ಬಿಟ್ಟ ಮೇಲೆ ಐದು ಗುಂಟೆ ಐದಾಗಿ ಉಳಿಯುವದಿಲ್ಲ. ನಮ್ಮ ಪಹಣಿಯಲ್ಲಿ ನಾಲ್ವರ ಹೆಸರು ಜಂಟಿಯಾಗಿ ಕೂತಿತ್ತು. ಯಾರ ಭಾಗ ಎಲ್ಲಿ ಎಂಬುದು ನಮ್ಮ ನೋಟುಬುಕ್ಕಿನಲ್ಲಿ ಮಾತ್ರ ಇತ್ತು. ನೋಟುಬುಕ್ಕಿಗೆ ಬ್ಯಾಂಕು ಸಾಲ ಕೊಡುವದಿಲ್ಲ.

2014ರಲ್ಲಿ ನಮ್ಮ ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ದೊರೆಯಿತು. ಹಣ ತುಂಬಲು ಹದಿನೈದು ದಿನ ಇದ್ದವು. ನಾನು ಧೈರ್ಯವಾಗಿಯೇ ಇದ್ದೆ: ನನ್ನ ಐದು ಗುಂಟೆ ಮಾರಿದರಾಯಿತು ಎಂದು. ಮಾರಲು ಹೋದಾಗ ತಿಳಿಯಿತು, ನನ್ನದೆಂಬ ಐದು ಗುಂಟೆ ಎಲ್ಲಿಯೂ ಇರಲಿಲ್ಲ. ಭಾಗವನ್ನು ಬೇರೆ ಮಾಡಿ ಮಾರಬೇಕಾದರೆ ಮೋಜಣಿಯಾಗಬೇಕು, 11 ಇ ನಕ್ಷೆಯಾಗಬೇಕು, ನಾಲ್ವರೂ ಸಹಿ ಮಾಡಬೇಕು. ಅಷ್ಟರಲ್ಲಿ ಒಬ್ಬ ಗೆಳೆಯರು ತೀರಿಕೊಂಡಿದ್ದರು. ಅವರ ಮಕ್ಕಳಲ್ಲಿ ಒಮ್ಮತವಿರಲಿಲ್ಲ. ಕೊಳ್ಳುವವನೊಬ್ಬ ಬಂದ, ಕಾಗದ ನೋಡಿದ, ಚಹ ಕುಡಿದ, ಹೋದ.

ಆ ರಾತ್ರಿ ನಾನು ಹೆಂಡತಿಯ ಮುಂದೆ ತಲೆ ತಗ್ಗಿಸಿ ಕುಳಿತೆ. ಅವಳು ಕೂಗಾಡಲಿಲ್ಲ. ಇಷ್ಟೇ ಅಂದಳು: “ಅಲ್ರೀ, ಅದು ರೊಟ್ಟಿ ಬಡದು ಕೂಡಿಸಿದ ರೊಕ್ಕ. ಹಂಚಿನ ಮುಂದ ಕುಂತ ಬೆಂದದ್ದು ನಾನು. ತಗೊಳ್ಳೂ ಮುಂದ ನನ್ನ ಒಂದು ಮಾತು ಕೇಳಬೇಕಿತ್ತು.” ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಅವಳ ಪಾಟ್ಲಿ ಸೊಸಾಯಿಟಿಗೆ ಹೋದವು, ಉಳಿದದ್ದು ಭಿಶಿಯಿಂದ ಬಂದಿತು. ಮಗಳು ಕಾಲೇಜಿಗೆ ಹೋದಳು. ಅವಳನ್ನು ಓದಿಸಿದ್ದು ನನ್ನ ಭೂಮಿಯಲ್ಲ, ಅವಳ ತಾಯಿಯ ಹಂಚು.

ಇದರಿಂದ ಭೂಮಿಯಲ್ಲಿ ಹಣ ಹಾಕಲೇಬಾರದೆಂದು ನಾನು ಹೇಳುವದಿಲ್ಲ. ಮುಂದೆ ನಾವು ಸ್ವಲ್ಪ ಎಚ್ಚರದಿಂದ ನಡೆದೆವು. 2015ರಲ್ಲಿ ಗದಗಿನಲ್ಲಿ ವೈದ್ಯಕೀಯ ಮಹಾವಿದ್ಯಾಲಯ ತೊಡಗಿತು. 2016ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂದಿತು. ಓದುವವರಿಗೆ, ದಾದಿಯರಿಗೆ ಕೋಣೆ ಬೇಕಾದವು. ಮನೆಯ ಹಿಂದಿನ ನಮ್ಮದೇ ಜಾಗದಲ್ಲಿ ಎರಡು ಕೋಣೆ ಕಟ್ಟಿಸಿದೆವು. ಈ ಸಲ ಮೊದಲು ಅವಳನ್ನು ಕೇಳಿದೆ.

ಕೋಣೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಟ್ಟಲು 8 ಲಕ್ಷ ಬಿದ್ದಿತೆಂದು ತಿಳಿಯಿರಿ. ಒಂದಕ್ಕೆ ತಿಂಗಳಿಗೆ 2,500ರಂತೆ ಎರಡಕ್ಕೆ ವರ್ಷಕ್ಕೆ 60,000 ರೂಪಾಯಿ. ಒಂದು ಕೋಣೆ ಎರಡು ತಿಂಗಳು ಖಾಲಿ ಬಿದ್ದರೆ 5,000 ಹೋಯಿತು. ಸುಣ್ಣ-ಬಣ್ಣ, ನಳ, ಮೋಟಾರಿನ ದುರಸ್ತಿಗೆ 7,000. ಮನೆಯ ಪಟ್ಟಿಗೆ 3,000. ಉಳಿದದ್ದು 45,000. ಹಾಕಿದ ಹಣಕ್ಕೆ ನೂರಕ್ಕೆ ಐದೂವರೆಗಿಂತ ತುಸು ಹೆಚ್ಚು. ಬೇಸಿಗೆಯಲ್ಲಿ ನೀರಿನ ಟ್ಯಾಂಕರು ತರಿಸಿದರೆ ಅದೂ ಇಳಿಯಿತು. ಇನ್ನು ರೊಟ್ಟಿಯ ಲೆಕ್ಕ: ಜೋಳ, ಉರುವಲು, ಸಹಾಯಕ್ಕೆ ಬರುವವರ ಕೂಲಿ ಕಳೆದು ದಿನಕ್ಕೆ 250 ರೂಪಾಯಿ ಉಳಿದರೆ, ತಿಂಗಳಿಗೆ 25 ದಿನ ಹಂಚು ಕಾಯ್ದರೆ, ವರ್ಷಕ್ಕೆ 75,000. ಎಂಟು ಲಕ್ಷದ ಕೋಣೆಗಿಂತ ಹಂಚು ಹೆಚ್ಚು ಗಳಿಸಿತು!

ಆದರೆ ಹಂಚಿಗೆ ಕೈ ಬೇಕು, ಕೈಗೆ ವಯಸ್ಸಾಗುತ್ತದೆ. ಕೋಣೆ ಮಾತ್ರ ನಾವು ಮಲಗಿದಾಗಲೂ ಬಾಡಿಗೆ ತರುತ್ತದೆ. ಅದಕ್ಕೇ ನಾನು ಕಂಡುಕೊಂಡ ನಿಯಮವಿದು: ಪಗಾರ ಹೊಟ್ಟೆಗೆ, ಪಕ್ಕದ ಕಸಬು ಉಳಿತಾಯಕ್ಕೆ, ಭೂಮಿ ಮುಪ್ಪಿಗೆ. ಭೂಮಿಗಾಗಿ ನೌಕರಿ ಬಿಟ್ಟವನು ಕಾಯುವ ಧೈರ್ಯ ಕಳೆದುಕೊಳ್ಳುತ್ತಾನೆ, ಅವಸರದಲ್ಲಿ ಮಾರುತ್ತಾನೆ. ಭೂಮಿಗಾಗಿ ಕಸಬಿನ ಬಂಡವಾಳ ತೆಗೆದವನು ನೂಲಿಲ್ಲದ ಮಗ್ಗದ ಮುಂದೆ ಕೂಡುತ್ತಾನೆ. ಬೆಟಗೇರಿಯಲ್ಲಿ ಸೀರೆ ಮಾರಿ ಬಂದ ಹಣವನ್ನೆಲ್ಲ ಪ್ಲಾಟಿಗೆ ಹಾಕಿ, ನೂಲು ತರಲು ಕೈಗಡ ಕೇಳುವ ನೇಕಾರನನ್ನು ಏನೆನ್ನಬೇಕು?

ಊರಿನಿಂದ ಊರಿಗೆ ಭೂಮಿಯ ನಡತೆಯೂ ಬೇರೆ. ಗದಗ-ಬೆಟಗೇರಿಯಲ್ಲಿ 2011ರ ಜನಗಣತಿಯಂತೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ. ಇಲ್ಲಿ ಬಾಡಿಗೆದಾರರು ದೊರೆಯುತ್ತಾರೆ. ಲಕ್ಷ್ಮೇಶ್ವರ ಹಳೆಯ ಪುಲಿಗೆರೆ. ಇತ್ತೀಚೆಗೆ ಬೇರೆ ತಾಲೂಕಾಗಿದೆ. ಅಲ್ಲಿ ಪೇಟೆಯ ಅಂಗಡಿ ಮಳಿಗೆಗೆ ಬೆಲೆ, ದೂರದ ಪ್ಲಾಟು ಮಾತ್ರ ವರ್ಷಗಟ್ಟಲೆ ಕಾಯಿಸುತ್ತದೆ. ರೈಲು ಬರುತ್ತದೆಂಬ ಮಾತಿನ ಮೇಲೆ ಜಾಗ ಕೊಳ್ಳಬೇಡಿರಿ. ಬೇಡಿಕೆ ಬೇರೆ, ಹಳಿ ಬೇರೆ. ಶಿರಹಟ್ಟಿ ಹಿಂದೆ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜದಲ್ಲಿ; 1948ರಲ್ಲಿ ಸಂಸ್ಥಾನಗಳು ವಿಲೀನವಾದವು. ಇಂಥ ಊರುಗಳಲ್ಲಿ ಮನೆತನದ ಹಳೆಯ ಕಾಗದ ಮೋಡಿ ಲಿಪಿಯಲ್ಲಿ ಇದ್ದರೂ ಇದ್ದೀತು. ಓದಬಲ್ಲವರಿಂದ ಓದಿಸದೆ ಸಂಚಗಾರ ಕೊಡಬಾರದು. ಮುಂಡರಗಿಯ ಕಡೆ ತುಂಗಭದ್ರೆ ಇದ್ದಾಳೆ, ಸಿಂಗಟಾಲೂರು ಏತ ನೀರಾವರಿ ಇದೆ. ನೀರು ಕಂಡ ಹೊಲವನ್ನು ಪ್ಲಾಟು ಮಾಡುವ ಆಸೆ ಬೇಡ. ಹೊಲವಾಗಿಯೇ ಅದು ಹೆಚ್ಚು ಬಾಳುತ್ತದೆ.

ಕೊಳ್ಳುವವರು ಕೆಲವು ಮಾತು ನೆನಪಿಡಬೇಕು. ಬಿನ್‌ಶೇತ್ಕಿಯ ಆದೇಶವನ್ನೂ ಮಂಜೂರಾದ ನಕ್ಷೆಯನ್ನೂ ಕಣ್ಣಾರೆ ನೋಡಿರಿ. “ಆಗತೈತಿ” ಎಂಬ ಮಾತನ್ನು ಕಾಗದವೆಂದು ತಿಳಿಯಬೇಡಿರಿ. ಪಂಚಾಯತಿಯ ಹದ್ದಿನಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿರಿ. ಉಪನೋಂದಣಿ ಕಚೇರಿಯಿಂದ ಮೂವತ್ತು ವರ್ಷದ ಋಣಭಾರ ಪತ್ರ ತೆಗೆಯಿಸಿರಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಕೊಟ್ಟ ಮನೆಯಲ್ಲಿರುವ ಅಕ್ಕ-ತಂಗಿಯರ ಸಹಿಯಿಲ್ಲದೆ ಅಣ್ಣ-ತಮ್ಮಂದಿರು ಮಾರಿದ ಜಾಗ ಮುಂದೆ ಕೋರ್ಟಿನ ಮೆಟ್ಟಿಲು ತೋರಿಸುತ್ತದೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟಿನ ಪ್ಲಾಟು ಮಾರುವವರು 2016ರ ರೇರಾ ಕಾಯಿದೆಯಂತೆ ನೋಂದಣಿ ಮಾಡಿಸಿರಬೇಕು. ಆ ನಂಬರು ಕೇಳಲು ಸಂಕೋಚ ಬೇಡ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ಜಾಗವನ್ನು ಒಮ್ಮೆ ಮಳೆಗಾಲದಲ್ಲಿ ನೋಡಿರಿ. ಎರೆಮಣ್ಣಿನ ಪ್ಲಾಟು ಬೇಸಿಗೆಯಲ್ಲಿ ಮೈದಾನ, ಮಳೆಯಲ್ಲಿ ಕೆರೆ.

ಎಲ್ಲಕ್ಕೂ ಮಿಗಿಲಾದ ಮಾತೊಂದಿದೆ, ಅದು ಕಾಯಿದೆಯಲ್ಲಿಲ್ಲ. ಕಾಗದಕ್ಕೆ ಸಹಿ ಮಾಡುವ ಮೊದಲು, ಆ ಹಣ ಯಾರ ಬೆವರಿನದೆಂದು ನೆನೆದು, ಅವರನ್ನು ಎದುರಿಗೆ ಕೂಡ್ರಿಸಿಕೊಂಡು ಕೇಳಿರಿ. ಹದಿನೈದು ದಿನದಲ್ಲಿ ಹಣ ಬೇಕಾದರೆ ಇದು ಬಂದೀತೆ ಎಂದು ಇಬ್ಬರೂ ಕೂಡಿ ವಿಚಾರ ಮಾಡಿರಿ. ಬರಲಾರದೆಂದಾದರೆ, ಮಕ್ಕಳ ಓದಿಗೆ, ದವಾಖಾನೆಗೆ ಬೇಕಾಗುವ ಹಣವನ್ನು ಬೇರೆ ಇಟ್ಟು ಉಳಿದದ್ದರಲ್ಲಿ ಮಾತ್ರ ಭೂಮಿಯ ಆಸೆ ಮಾಡಿರಿ.

ನಮ್ಮ 20 ಗುಂಟೆ ಏನಾಯಿತೆಂದು ನೀವು ಕೇಳಬಹುದು. ಅದು ಇಂದಿಗೂ ಹೊಲವೇ. ನಾವೇ ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತಿಸುತ್ತೇವೆ. ಮಳೆ ಚಲೋ ಆದ ವರ್ಷ ನನ್ನ ಪಾಲಿಗೆ ಒಂದು ಚೀಲ ಬರುತ್ತದೆ. ಮಗಳು ಈಗ ಆಸ್ಪತ್ರೆಯಲ್ಲಿ ದಾದಿ. ಮೊದಲ ವರ್ಷದ ಪಗಾರದಲ್ಲಿಯೇ ತಾಯಿಯ ಪಾಟ್ಲಿ ಬಿಡಿಸಿ ತಂದಳು. ಜೋಳದ ಚೀಲ ಮನೆಗೆ ಬಂದ ದಿನ ನನ್ನ ಹೆಂಡತಿ ಒಂದು ಮುಷ್ಟಿ ಕಾಳು ಕೈಯಲ್ಲಿ ಹಿಡಿದು ನೋಡಿ ಅನ್ನುತ್ತಾಳೆ: “ಹಂಚಿನ ರೊಕ್ಕ ಹೊಲಕ್ಕ ಹೋತು, ಹೊಲದ ಜ್ವಾಳ ಹಂಚಿಗೆ ಬಂತು. ಇಷ್ಟರ ಬಂತಲ್ಲ, ಬರ್ರಿ, ಊಟಕ್ಕ ಏಳ್ರಿ.”