ದಲಾಲಿಯೂ ಜಾಮೀನೂ: ಅಫಿಲಿಯೇಟ್ ಗಳಿಕೆಗೆ ಹೊಸದಾಗಿ ಹೊರಟವರಿಗೆ

(ಪುಣೆಯಲ್ಲಿ ಕನ್ನಡ ಜೈನ ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಗಳನ್ನು ಬಲ್ಲ ಕುಟುಂಬಗಳಿಗೆ ಕಮಿಷನ್ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಕುಟುಂಬಗಳ ಮಕ್ಕಳೂ ಸೊಸೆಯಂದಿರೂ ಇಂದು ಅಡುಗೆಯ ವಿಡಿಯೊ ಮಾಡಿ, ಅದರ ಕೆಳಗೆ ಪಾತ್ರೆ-ಯಂತ್ರಗಳ ಮಾರಾಟದ ಕೊಂಡಿ ಹಾಕಿ ಗಳಿಸಲು ಹೊರಟಾಗ, ಹಿರಿಯರು ಮೊಟ್ಟಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಮರೆಯುತ್ತಾರೆ. ಹಣ ಮುಳುಗಿದರೆ ಹೊಣೆ ಯಾರದು?

ಈ ಗಳಿಕೆಗೆ ದಾರಿ ಎರಡು. ಒಂದು, ಅಫಿಲಿಯೇಟ್ ನೆಟ್‌ವರ್ಕ್. ಕ್ಯೂಲಿಂಕ್ಸ್, ವಿಕಮಿಷನ್, ಆಡ್ಮಿಟ್ಯಾಡ್ ಮುಂತಾದವು ನೂರಾರು ಮಾರಾಟಗಾರರನ್ನು ಒಂದೆಡೆ ಕಲೆಹಾಕಿ, ಕೊಂಡಿಯ ಮೂಲಕ ನಡೆದ ಮಾರಾಟವನ್ನು ಎಣಿಸಿ, ತಮ್ಮ ಪಾಲು ಇಟ್ಟುಕೊಂಡು ಉಳಿದುದನ್ನು ಕೊಡುತ್ತವೆ. ಇನ್ನೊಂದು, ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯನ್ನೋ ಮಸಾಲೆ ತಯಾರಕರನ್ನೋ ನೇರವಾಗಿ ಕಂಡು ದರ ಕುದುರಿಸಿಕೊಳ್ಳುವುದು.

ಬಿಬ್ವೇವಾಡಿಯಲ್ಲಿ ನೆಲೆಸಿದ, ಬೆಳಗಾವಿ ಮೂಲದ ಒಬ್ಬ ಗೃಹಿಣಿ ಈರುಳ್ಳಿ-ಬೆಳ್ಳುಳ್ಳಿಯಿಲ್ಲದ ಅಡುಗೆಯ ವಿಡಿಯೊ ಮಾಡುತ್ತಾಳೆ ಎಂದುಕೊಳ್ಳೋಣ. ಅವಳ ಕೊಂಡಿಯಿಂದ ತಿಂಗಳಿಗೆ 3,000 ರೂಪಾಯಿಯ 40 ಮಿಕ್ಸರ್ ಮಾರಾಟವಾದವು, 8 ಹಿಂತಿರುಗಿ ಬಂದವು. ತಯಾರಕರು ಕೊಡುವುದು ಶೇಕಡಾ 6, ಅಂದರೆ ತಲಾ 180 ರೂಪಾಯಿ. ಅದರಲ್ಲಿ ನೆಟ್‌ವರ್ಕ್ ಕಾಲು ಭಾಗ ಹಿಡಿದರೆ ಅವಳಿಗೆ 32 ಮಿಕ್ಸರಿಗೆ 4,320 ರೂಪಾಯಿ. ನೇರ ಒಪ್ಪಂದವಾಗಿದ್ದರೆ 5,760. ವ್ಯತ್ಯಾಸ 1,440. ಈ 1,440 ರೂಪಾಯಿ ತೆತ್ತು ಅವಳು ಕೊಂಡುಕೊಂಡದ್ದೇನು?

ಇಲ್ಲಿ ಗುಲ್ಟೇಕಡಿಯ ಅಡತಿಯನ್ನು ನೆನೆಯಬೇಕು. ರೈತನ ಮಾಲು ಹರಾಜಾದ ಮೇಲೆ ಅವನಿಗೆ ಹಣ ಎಣಿಸಿಕೊಡುವವನು ಅಡತಿಯವನೇ. ಖರೀದಿದಾರ ಎಂಟು ದಿನ ಸತಾಯಿಸಿದರೆ ಆ ಸಂಕಟ ಅಡತಿಯವನದು. 2016ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರವು ಹಣ್ಣು-ತರಕಾರಿಗಳನ್ನು ಎಪಿಎಂಸಿಯ ನಿಯಂತ್ರಣದಿಂದ ಬಿಡಿಸಿ, ಅಡತಿಯನ್ನು ರೈತನ ಬದಲು ಖರೀದಿದಾರನಿಂದ ವಸೂಲು ಮಾಡಬೇಕೆಂದು ಆಜ್ಞಾಪಿಸಿತು. ವರ್ತಕರು ಮುಷ್ಕರ ಹೂಡಿದರು. ನೇರ ಮಾರಾಟದ ಬಾಗಿಲು ತೆರೆದ ಮೇಲೂ ರೈತರು ಯಾರ್ಡಿಗೆ ಬರುವುದನ್ನು ಬಿಡಲಿಲ್ಲ. ಕೈಗೆ ಸಿಗುವ ಹಣದ ಭರವಸೆಗೆ ಬೆಲೆಯುಂಟು. ಲೆಕ್ಕಶಾಸ್ತ್ರದಲ್ಲಿ ಇಂಥ ಜಾಮೀನು ಸಹಿತ ದಲಾಲಿಗೆ ಡೆಲ್ ಕ್ರೆಡೆರೆ ಕಮಿಷನ್ ಎಂಬ ಪ್ರತ್ಯೇಕ ಹೆಸರೇ ಇದೆ, ಬಿ.ಕಾಂ. ಓದಿದವರು ಕನ್‌ಸೈನ್‌ಮೆಂಟ್ ಅಧ್ಯಾಯದಲ್ಲಿ ಅದನ್ನು ಉರುಹೊಡೆದು ಪರೀಕ್ಷೆಯ ಮರುದಿನ ಮರೆತಿರುತ್ತಾರೆ.

ನೆಟ್‌ವರ್ಕ್ ದಲಾಲಿ ಪಡೆಯುತ್ತದೆ, ಸಾಮಾನ್ಯವಾಗಿ ಜಾಮೀನು ನಿಲ್ಲುವುದಿಲ್ಲ. ಮಾರಾಟವಾದ ಮೊತ್ತ ಮೊದಲು ‘ಪೆಂಡಿಂಗ್’ ಎಂದು ಕಾಣುತ್ತದೆ. ಸರಕು ಹಿಂತಿರುಗಿಸುವ ಅವಧಿ ಮುಗಿದು, ಮಾರಾಟಗಾರ ಒಪ್ಪಿದ ಬಳಿಕ ‘ಕನ್‌ಫರ್ಮ್ಡ್’ ಆಗುತ್ತದೆ. ಮಾರಾಟಗಾರನಿಂದ ಹಣ ಬಂದರೆ ಮಾತ್ರ ಮುಂದಿನ ಪಾವತಿ ಎಂಬ ಷರತ್ತು ಅನೇಕ ಒಪ್ಪಂದಗಳಲ್ಲಿ ಸಣ್ಣ ಅಕ್ಷರದಲ್ಲಿ ಕುಳಿತಿರುತ್ತದೆ. ದಲಾಲರಿಲ್ಲದೆ ಅಮೆಜಾನ್ ತಾನೇ ನಡೆಸುವ ಯೋಜನೆಯಲ್ಲಿಯೂ ಹಣ ಬರುವುದು ತಿಂಗಳು ಮುಗಿದು ಸುಮಾರು 60 ದಿನಗಳಿಗೆ. 180 ದಿನಗಳಲ್ಲಿ ಮೂರು ಮಾರಾಟವಾದರೂ ಆಗದಿದ್ದರೆ ಖಾತೆಯೇ ಮುಚ್ಚಿಹೋಗುತ್ತದೆ.

ಹಾಗಾದರೆ ಆ 1,440 ರೂಪಾಯಿ ವ್ಯರ್ಥವೇ? ಮೊದಲ ವರ್ಷ ಅಲ್ಲ. ಹೊಸಬರ ಕೈಯಲ್ಲಿ ಇಲ್ಲದಿರುವುದು ಪುರಾವೆ. ಎಷ್ಟು ಮಂದಿ ಕೊಂಡಿ ಒತ್ತಿದರು, ಎಷ್ಟು ಮಂದಿ ಕೊಂಡರು, ಎಷ್ಟು ಹಿಂತಿರುಗಿತು ಎಂಬುದನ್ನು ಮೂರನೆಯವರು ಎಣಿಸಿಟ್ಟ ಪಟ್ಟಿ ನೆಟ್‌ವರ್ಕ್‌ನಿಂದಷ್ಟೇ ಸುಲಭವಾಗಿ ದೊರೆಯುತ್ತದೆ. ತಯಾರಕರ ಮುಂದೆ ಬರಿಗೈಯಲ್ಲಿ ಕುಳಿತವಳಿಗೆ ಅವರು ಹೇಳಿದ್ದೇ ದರ. ಹನ್ನೆರಡು ತಿಂಗಳ ಪಟ್ಟಿ ಹಿಡಿದು ಕುಳಿತವಳು ಶೇಕಡಾ 6ರ ಬದಲು 8 ಕೇಳಬಲ್ಲಳು. ಆದಕಾರಣ ನೆಟ್‌ವರ್ಕ್‌ನ ಪಾಲನ್ನು ಜಾಮೀನಿನ ಶುಲ್ಕವೆಂದು ಭಾವಿಸದೆ ಗುಮಾಸ್ತನ ಸಂಬಳವೆಂದು ಖರ್ಚು ಹಾಕುವುದು ಉಚಿತ. ಪ್ರತಿ ತಿಂಗಳ ಪಟ್ಟಿಯನ್ನು ಇಳಿಸಿಕೊಂಡು ಕಾದಿಡಬೇಕು. ಖಾತೆ ಮುಚ್ಚಿದ ದಿನ ಪಟ್ಟಿಯೂ ಕಾಣೆಯಾಗಬಹುದು.

ನೇರ ಒಪ್ಪಂದವೆಂದರೆ ಬಾಕಿಯ ಭಯ. ವಿಚಿತ್ರವೆಂದರೆ ಕಾನೂನಿನ ರಕ್ಷಣೆ ಗಟ್ಟಿಯಾಗಿರುವುದು ಇಲ್ಲಿಯೇ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಉದ್ಯಮ್ ನೋಂದಣಿ ಮಾಡಿಕೊಂಡ ಕಿರು ಸೇವಾ ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೆ ಅದರಲ್ಲಿನ ಗಡುವಿನೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಮನೆಯಿಂದ ಒಬ್ಬಳೇ ನಡೆಸುವ ಕೆಲಸವೂ ಸೇವಾ ಉದ್ಯಮವೇ. ಇನ್ನೂ ತೀಕ್ಷ್ಣವಾದುದು ಆದಾಯ ತೆರಿಗೆಯ ನಿಯಮ. 2024-25ರ ಕರನಿರ್ಧರಣಾ ವರ್ಷದಿಂದ, ಕಿರು ಮತ್ತು ಸಣ್ಣ ಉದ್ಯಮಕ್ಕೆ ಗಡುವು ಮೀರಿ ಬಾಕಿ ಉಳಿಸಿದ ಮೊತ್ತವನ್ನು ಕೊಳ್ಳುಗನು ನಿಜವಾಗಿ ಪಾವತಿಸಿದ ವರ್ಷದಲ್ಲಲ್ಲದೆ ಖರ್ಚೆಂದು ತೋರಿಸುವಂತಿಲ್ಲ. ದೂರವಾಣಿ ಎತ್ತದ ಅಂಗಡಿಯವರೂ ಮಾರ್ಚ್ ತಿಂಗಳಲ್ಲಿ ತಾವಾಗಿಯೇ ಕರೆ ಮಾಡಲು ಇದೇ ಕಾರಣ.

ಆದರೆ ಈ ರಕ್ಷಣೆ ತಾನಾಗಿ ಒದಗುವುದಿಲ್ಲ. ಮೊದಲ ಬಿಲ್ಲಿಗಿಂತ ಮುಂಚೆಯೇ ನೋಂದಣಿಯಾಗಿ, ಅದರ ಸಂಖ್ಯೆ ಬಿಲ್ಲಿನ ಮೇಲಿರಬೇಕು. ನೋಂದಣಿ ಉಚಿತ, ಶುಲ್ಕ ಕೇಳುವ ತಾಣ ಸರ್ಕಾರದ್ದಲ್ಲ. ಪರಿಚಯದವರು, ಸಮಾಜದವರು ಎಂಬ ಸಂಕೋಚದಿಂದ ಬಾಯಿಮಾತಿನಲ್ಲೇ ಮುಗಿಸುವ ರೂಢಿ ಬಹಳ. ಬಾಕಿ ನಿಂತಾಗ ಕೆಡುವುದು ಹಣವೊಂದೇ ಅಲ್ಲ, ಮದುವೆ-ಮುಂಜಿಗಳಲ್ಲಿ ಮುಖ ನೋಡುವುದೂ ಕಷ್ಟವಾಗುತ್ತದೆ. ದರ, ಗಡುವು, ಮಾರಾಟ ಎಣಿಸುವ ಬಗೆ, ಇವಿಷ್ಟಿರುವ ಒಂದು ಪುಟದ ಪತ್ರ ಸಾಕು.

ತೆರಿಗೆಯ ಮಾತು ಚುಟುಕಾಗಿ. ಕಮಿಷನ್ ಮೇಲಿನ ಮೂಲದಲ್ಲೇ ತೆರಿಗೆ ಕಡಿತವು 2024ರ ಅಕ್ಟೋಬರ್ 1ರಿಂದ ಶೇಕಡಾ 5ರಿಂದ 2ಕ್ಕೆ ಇಳಿದಿದೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ಮೀರುವವರೆಗೆ, ಹೊರರಾಜ್ಯದ ಗ್ರಾಹಕರಿದ್ದರೂ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹಣದ ಬದಲು ಸೀರೆಯನ್ನೋ ಮಿಕ್ಸರನ್ನೋ ಕೊಡುವ ನೇರ ಒಪ್ಪಂದಗಳಲ್ಲಿ ಮಾತ್ರ ಎಚ್ಚರ ಬೇಕು. 2022ರ ಜುಲೈ 1ರಿಂದ, ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಲಾಭಕ್ಕೆ ಶೇಕಡಾ 10 ಕಡಿತವಿದೆ. ವಿಡಿಯೊ ಮಾಡಿ ವಸ್ತು ಹಿಂತಿರುಗಿಸಿದರೆ ಅದು ಲಾಭವಲ್ಲ, ಇಟ್ಟುಕೊಂಡರೆ ಲಾಭ.

ದರಕ್ಕಿಂತ ದೊಡ್ಡ ವಿಷಯವೊಂದಿದೆ. ನೆಟ್‌ವರ್ಕ್‌ನ ಪಟ್ಟಿಯಲ್ಲಿ ಯಾರ ಜಾಹೀರಾತು ಇದೆಯೆಂದು ಹೊಸಬರು ನೋಡುವುದೇ ಕಡಿಮೆ. ಅತಿ ಹೆಚ್ಚು ಕಮಿಷನ್ ತೋರಿಸುತ್ತಿದ್ದವುಗಳಲ್ಲಿ ಹಣದ ಆಟದ ಆ್ಯಪ್‌ಗಳೂ ಇದ್ದವು. 2025ರ ಆಗಸ್ಟಿನಲ್ಲಿ ಅಂಗೀಕಾರವಾದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಅವುಗಳ ಜಾಹೀರಾತಿಗೆ ಎರಡು ವರ್ಷದವರೆಗಿನ ಸೆರೆ, 50 ಲಕ್ಷದವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿದೆ. ಸಪ್ತವ್ಯಸನಗಳಲ್ಲಿ ಜೂಜನ್ನು ಮೊದಲನೆಯದಾಗಿ ಎಣಿಸುವ ಮನೆಗಳಿಗೆ ಈ ಕಾಯ್ದೆಯ ತನಕ ಕಾಯಬೇಕಾದ ಅಗತ್ಯವೂ ಇರಲಿಲ್ಲ. ಆಯ್ಕೆಯ ಅಧಿಕಾರ ನೇರ ಒಪ್ಪಂದದಲ್ಲಿ ಸಹಜವಾಗಿ ಬರುತ್ತದೆ. ನೆಟ್‌ವರ್ಕ್‌ನಲ್ಲಿ ಒಂದೊಂದೇ ಹೆಸರನ್ನು ಆರಿಸಿ ಪಡೆಯಬೇಕು. ಯಾವ ದಾರಿಯಲ್ಲಾದರೂ ಹಣಕ್ಕಾಗಿ ಶಿಫಾರಸು ಮಾಡುತ್ತಿರುವುದನ್ನು ನೋಡುಗರಿಗೆ ತಿಳಿಸುವುದು ಗ್ರಾಹಕ ರಕ್ಷಣಾ ನಿಯಮದ ಕಡ್ಡಾಯ.

ಬಿಬ್ವೇವಾಡಿಯ ಗೃಹಿಣಿಗೆ ಈಗ ಉಳಿದ ಕೆಲಸ ಇಷ್ಟು. ನೆಟ್‌ವರ್ಕ್‌ನ ಪಟ್ಟಿಯಲ್ಲಿ ಹೆಚ್ಚು ಮಾರಾಟವಾದ, ಕಡಿಮೆ ಹಿಂತಿರುಗಿದ ಒಂದೇ ವಸ್ತುವನ್ನು ಆರಿಸಿ, ಅದರ ತಯಾರಕರೊಡನೆ ಮೂರು ತಿಂಗಳಿಗೆ ಮಾತ್ರ ನೇರ ಒಪ್ಪಂದ ಮಾಡಿಕೊಳ್ಳಬೇಕು. ಉಳಿದೆಲ್ಲ ವಸ್ತುಗಳ ಕೊಂಡಿಗಳು ಆ ಮೂರು ತಿಂಗಳೂ ನೆಟ್‌ವರ್ಕ್‌ನಲ್ಲಿಯೇ ಇರಲಿ.