ಸರ್ದಾರ್ ಪಣಿಕ್ಕರ್: ಕಡಲಿನ ನೋಟ, ಗಡಿಯ ಲೆಕ್ಕ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ 1 ನಮಗೂ ಹಬ್ಬ, ನಾವು ಬಾಳುತ್ತಿರುವ ಈ ಕೇರಳಕ್ಕೂ ಹಬ್ಬ. ಎರಡು ರಾಜ್ಯಗಳೂ 1956ರ ಅದೇ ದಿನ ಹೊಸ ರೂಪ ಪಡೆದವು. ಆ ರೂಪಕ್ಕೆ ಆಧಾರವಾದ ವರದಿಗೆ ಸಹಿ ಹಾಕಿದ ಮೂವರಲ್ಲಿ ಒಬ್ಬರು ಈ ನಾಡಿನವರಾದ ಸರ್ದಾರ್ ಕೆ. ಎಂ. ಪಣಿಕ್ಕರ್. ಕಾಸರಗೋಡಿನ ಮಾತು ಬಂದಾಗ ನಮ್ಮವರಲ್ಲಿ ಹಲವರು ಅವರ ಹೆಸರನ್ನು ಕಹಿಯಿಂದಲೇ ನೆನೆಯುತ್ತಾರೆ. ಆ ಕಹಿಗೆ ಎಷ್ಟು ನ್ಯಾಯವಿದೆ ಎಂಬುದನ್ನು ತಿಳಿಯಬೇಕಾದರೆ ಅವರ ಬಾಳನ್ನು ಇಡಿಯಾಗಿ ನೋಡಬೇಕು.

ಪಣಿಕ್ಕರರು ಹುಟ್ಟಿದ್ದು 1895ರಲ್ಲಿ, ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ಕುಟ್ಟನಾಡಿನ ಕಾವಾಲಂನಲ್ಲಿ. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿದರು. ಅಲಿಗಢದಲ್ಲಿ ಪಾಠ ಹೇಳಿದರು. ‘ಹಿಂದೂಸ್ತಾನ್ ಟೈಮ್ಸ್’ ಪತ್ರಿಕೆಯ ಮೊದಲ ಸಂಪಾದಕರಾದರು. ಆಮೇಲೆ ಪಟಿಯಾಲ, ಬಿಕಾನೇರ್ ಸಂಸ್ಥಾನಗಳ ಸೇವೆ. ಇವೆಲ್ಲದರ ನಡುವೆ ಮಲಯಾಳದಲ್ಲಿ ಕವಿತೆ, ಕಾದಂಬರಿ, ನಾಟಕಗಳನ್ನು ಬರೆಯುವುದನ್ನು ಅವರು ಬಿಡಲಿಲ್ಲ. 1956ರಲ್ಲಿ ತಿರುವನಂತಪುರದಲ್ಲಿ ಕೇರಳ ಸಾಹಿತ್ಯ ಅಕಾಡೆಮಿ ಉದ್ಘಾಟನೆಗೊಂಡಾಗ ಅದರ ಮೊದಲ ಅಧ್ಯಕ್ಷರಾದವರು ಅವರೇ.

ಅವರ ವಿದೇಶಾಂಗ ಚಿಂತನೆಯ ಬೇರನ್ನು ಕಾಣಲು ಕೊಚ್ಚಿಯಲ್ಲಿರುವ ನಾವು ದೂರ ಹೋಗಬೇಕಾಗಿಲ್ಲ. ವಾಸ್ಕೋ ಡ ಗಾಮ 1524ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿಯೇ. ಮೊದಲು ಹೂಳಿದ್ದು ಇಲ್ಲಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ. ಪೋರ್ಚುಗೀಸರ ಕೈಯಿಂದ 1663ರಲ್ಲಿ ಡಚ್ಚರಿಗೆ, 1795ರಲ್ಲಿ ಇಂಗ್ಲಿಷರಿಗೆ ಕೊಚ್ಚಿ ಹೋಯಿತು. ಪಣಿಕ್ಕರರು ಮಲಬಾರಿನ ಪೋರ್ಚುಗೀಸರ ಬಗ್ಗೆ 1929ರಲ್ಲಿ, ಡಚ್ಚರ ಬಗ್ಗೆ 1931ರಲ್ಲಿ ಗ್ರಂಥಗಳನ್ನು ಪ್ರಕಟಿಸಿದರು. ಕಡಲನ್ನು ಕಳೆದುಕೊಂಡವನು ಕಾಲಕ್ರಮದಲ್ಲಿ ನೆಲವನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಆ ಅಧ್ಯಯನದಿಂದ ಅವರು ಕಂಡುಕೊಂಡ ಪಾಠ. ಖೈಬರ್ ಕಣಿವೆಯತ್ತಲೇ ದೃಷ್ಟಿ ನೆಟ್ಟಿದ್ದ ದೇಶಕ್ಕೆ, ಹಿಂದೂ ಮಹಾಸಾಗರವನ್ನು ಕುರಿತ 1945ರ ಪುಸ್ತಕದಲ್ಲಿ ಅವರು ಇದನ್ನೇ ಬಿಡಿಸಿ ಹೇಳಿದರು. ಇಂದು ಇದೇ ಕೊಚ್ಚಿಯಲ್ಲಿ ದಕ್ಷಿಣ ನೌಕಾ ಕಮಾಂಡ್ ನೆಲೆಗೊಂಡಿದೆ.

1948ರಲ್ಲಿ ಅವರು ಚೀನಾದ ರಾಯಭಾರಿಯಾದರು. ಚಿಯಾಂಗ್ ಕೈ-ಷೇಕರ ಪತನವನ್ನೂ ಮಾವೋ ಅವರ ಉದಯವನ್ನೂ ಕಣ್ಣಾರೆ ಕಂಡರು. 1950ರ ಅಕ್ಟೋಬರ್ 2ರ ನಡುರಾತ್ರಿ ಚೌ ಎನ್-ಲಾಯ್ ಅವರನ್ನು ಕರೆಸಿಕೊಂಡು, ಅಮೆರಿಕದ ಸೇನೆ ಕೊರಿಯಾದ 38ನೆಯ ಅಕ್ಷಾಂಶವನ್ನು ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುವುದೆಂದು ತಿಳಿಸಿದರು. ಈ ಎಚ್ಚರಿಕೆ ದೆಹಲಿಯ ಮೂಲಕ ಪಾಶ್ಚಾತ್ಯ ರಾಜಧಾನಿಗಳನ್ನು ಮುಟ್ಟಿತು. ಪಣಿಕ್ಕರ್ ಪೀಕಿಂಗಿನ ಪಕ್ಷಪಾತಿಯೆಂದು ಬಗೆದ ವಾಷಿಂಗ್ಟನ್ ಅದನ್ನು ನಂಬಲಿಲ್ಲ. ಅದೇ ತಿಂಗಳು ಚೀನಾದ ಸೇನೆ ಯಾಲು ನದಿಯನ್ನು ದಾಟಿತು. ಅವರು ಮುಟ್ಟಿಸಿದ್ದು ಅಕ್ಷರಶಃ ನಿಜವಾಗಿತ್ತು.

ಆದರೆ ಆ ಅಕ್ಟೋಬರಿನಲ್ಲಿಯೇ ಚೀನಾದ ಸೇನೆ ಟಿಬೆಟ್ಟಿನ ಮೇಲೂ ನಡೆಯಿತು. ಇಲ್ಲಿ ಅವರ ಅಳತೆ ತಪ್ಪಿತು. ನವೆಂಬರ್ 7ರಂದು ನೆಹರೂ ಅವರಿಗೆ ಬರೆದ ಪತ್ರದಲ್ಲಿ ಸರ್ದಾರ್ ಪಟೇಲರು, ನಮ್ಮ ರಾಯಭಾರಿ ಚೀನಾದ ನಡೆಗೆ ಸಮರ್ಥನೆ ಹುಡುಕುತ್ತಿದ್ದಾರೆಂದು ಕಟುವಾಗಿಯೇ ಟೀಕಿಸಿದರು. ಹೊಸ ಚೀನಾದ ಶಕ್ತಿಯನ್ನು ಎಲ್ಲರಿಗಿಂತ ಮೊದಲು ಗುರುತಿಸಿದ ಕಣ್ಣಿಗೆ, ಆ ಶಕ್ತಿಯ ಅಂಚಿನಲ್ಲಿದ್ದ ಚಿಕ್ಕ ಜನಾಂಗ ಚಿಕ್ಕದಾಗಿಯೇ ಕಂಡಿತು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. 1953ರಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರ್ 30ರಂದು ವರದಿ ಬಂದಿತು. ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಗಲೆಂದು ಹೇಳಿದ್ದು ಈ ವರದಿಯೇ. ಕೊಳ್ಳೇಗಾಲವನ್ನು ನಮಗೆ ಕೊಡಲು ಹೇಳಿದ್ದೂ, ಕಾಸರಗೋಡನ್ನು ಕೇರಳಕ್ಕೆ ಸೇರಿಸಲು ಹೇಳಿದ್ದೂ ಇದೇ. ಇದು ಮಲಯಾಳಿಯೊಬ್ಬರ ಸ್ವಾರ್ಥವೆಂದು ಹೇಳುವವರು ವರದಿಯ ಮತ್ತೊಂದು ಪುಟವನ್ನೂ ಓದಬೇಕು. ತಿರುವಾಂಕೂರಿನ ಐದು ತಮಿಳು ತಾಲೂಕುಗಳನ್ನು ಅದು ಮದ್ರಾಸಿಗೆ ಒಪ್ಪಿಸಿತು. ಹಳೆಯ ರಾಜಧಾನಿ ಪದ್ಮನಾಭಪುರವೂ, 1741ರಲ್ಲಿ ಮಾರ್ತಾಂಡವರ್ಮ ಡಚ್ಚರನ್ನು ಸೋಲಿಸಿದ ಕೊಳಚೆಲ್ಲೂ ಅದರೊಡನೆ ಹೋದವು. ಡಚ್ಚರ ಇತಿಹಾಸವನ್ನೇ ಬರೆದವರ ಸಹಿ ಅದಕ್ಕಿತ್ತು.

ಹಾಗಾದರೆ ನಮ್ಮ ದೂರಿಗೆ ಆಧಾರವಿಲ್ಲವೇ? ಖಂಡಿತ ಇದೆ. ಕಡತಗಳ ನಡುವೆ ಬಹುಕಾಲ ಕಳೆದ ನನಗೆ ತಿಳಿದಿರುವ ಒಂದು ಮಾತಿದೆ: ಯಾವುದನ್ನು ಘಟಕವೆಂದು ಹಿಡಿಯುತ್ತೇವೋ ಅದರಲ್ಲಿಯೇ ಅರ್ಧ ತೀರ್ಪು ಅಡಗಿರುತ್ತದೆ. ಆಯೋಗ ಗ್ರಾಮವನ್ನು ಘಟಕವಾಗಿ ಒಪ್ಪಲಿಲ್ಲ. ಇಡೀ ತಾಲೂಕನ್ನು ಎಣಿಸಿದಾಗ ಮಲಯಾಳ ಬಹುಸಂಖ್ಯೆಯ ಭಾಷೆಯಾಯಿತು. ಚಂದ್ರಗಿರಿಯ ಉತ್ತರದ ಕನ್ನಡ, ತುಳು ಊರುಗಳು ಆ ಮೊತ್ತದಲ್ಲಿ ಮುಳುಗಿದವು. 1967ರಲ್ಲಿ ಮಹಾಜನ್ ಆಯೋಗ ಅದೇ ನದಿಯನ್ನು ಗೆರೆಯಾಗಿ ಹಿಡಿದು, ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಆ ಶಿಫಾರಸು ಇಂದಿಗೂ ಜಾರಿಯಾಗಿಲ್ಲ.

ಆದುದರಿಂದ ಪಣಿಕ್ಕರರಲ್ಲಿ ದುರುದ್ದೇಶವನ್ನು ಹುಡುಕುವುದು ವ್ಯರ್ಥ. ದೊಡ್ಡ ಘಟಕವನ್ನು ನೋಡಿ ತೀರ್ಮಾನಿಸುವುದು ಅವರ ದೃಷ್ಟಿಯ ಬಲ. ಅಂಚಿನವರ ನೋವು ಅದರಲ್ಲಿ ಸಣ್ಣದಾಗುವುದು ಅದೇ ದೃಷ್ಟಿಯ ಮಿತಿ. ಟಿಬೆಟ್ಟಿಗೂ ಕಾಸರಗೋಡಿಗೂ ಹೋಲಿಕೆ ಇಲ್ಲ; ಆದರೆ ನೋಡಿದ ಬಗೆ ಒಂದೇ. ಅಂಚಿನಲ್ಲಿರುವ ನಾವು ನಮ್ಮ ವಾದವನ್ನು ಹೂಡಬೇಕಾದದ್ದು ವ್ಯಕ್ತಿಯ ಮೇಲಲ್ಲ, ಆ ಲೆಕ್ಕದ ಮೇಲೆ. ಗೆರೆ ಬದಲಾಗಲಿ, ಬಿಡಲಿ, ಕಾಸರಗೋಡಿನ ಮಕ್ಕಳಿಗೆ ಕನ್ನಡ ಬಲ್ಲ ಉಪಾಧ್ಯಾಯರು ಬೇಕು, ಕಚೇರಿಯ ಕಾಗದಗಳು ಕನ್ನಡದಲ್ಲಿ ಬೇಕು. ಅದನ್ನು ಬೈಗುಳದಿಂದಲ್ಲ, ದಾಖಲೆಯಿಂದ ಕೇಳೋಣ.

ಪಣಿಕ್ಕರರು 1963ರ ಡಿಸೆಂಬರ್ 10ರಂದು ಕೊನೆಯುಸಿರೆಳೆದದ್ದು ಮೈಸೂರಿನಲ್ಲಿ, ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ. ನಮ್ಮ ಸಂಘದ ಪುಸ್ತಕ ಭಂಡಾರದಲ್ಲಿ ಅವರ ಗ್ರಂಥಗಳೂ ಆ ಎರಡು ವರದಿಗಳೂ ಒಂದೇ ಕಪಾಟಿನಲ್ಲಿರಲಿ ಎಂದು ಕೋರುತ್ತೇನೆ.