ತರಬೇತಿಯ ಬಾಗಿಲು ಎಲ್ಲರಿಗೂ ತೆರೆಯಲಿ

(ಭಾಷಣದ ಪಾಠ)



ಮುಂಗಾರಿಗೆ ಮುನ್ನ ಬೀದರ ಜಿಲ್ಲೆಯ ಮನೆಗಳಲ್ಲಿ ಬೀಜ ಹಸನು ಮಾಡುವವರು ಯಾರು? ತೊಗರಿ, ಉದ್ದು, ಹೆಸರಿನ ಹೊಲದಲ್ಲಿ ಕಳೆ ತೆಗೆಯುವವರು ಯಾರು? ಎಮ್ಮೆಗೆ ಮೇವು ಹಾಕಿ ಹಾಲು ಹಿಂಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳೇ. ಆದರೆ ತರಬೇತಿಗೆ ಬಂದು ಕೂಡುವವರು ಹೆಚ್ಚಾಗಿ ಪಹಣಿಯಲ್ಲಿ ಹೆಸರಿರುವ ಗಂಡಸರು. ಮಾಡುವ ಕೈ ಒಂದು, ಕೇಳುವ ಕಿವಿ ಇನ್ನೊಂದು.

ಇದರಿಂದಾಗುವ ನಷ್ಟ ಹೊಲದಲ್ಲಿಯೇ ಕಾಣುತ್ತದೆ. ಸೋಯಾ ಅವರೆ ಬೀಜದ ಸಿಪ್ಪೆ ಬಲು ತೆಳು. ಚೀಲವನ್ನು ಎತ್ತಿ ಒಗೆದರೂ ಮೊಳೆಯುವ ಶಕ್ತಿ ಕುಂದುತ್ತದೆ. ಬಿತ್ತುವ ಮೊದಲು 100 ಬೀಜಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು, ಸುತ್ತಿ, ತೇವ ಆರದಂತೆ ನೋಡಿಕೊಂಡು, ಸುಮಾರು ಒಂದು ವಾರದಲ್ಲಿ ಎಣಿಸಬೇಕು. ಕನಿಷ್ಠ 70 ಬೀಜಗಳಾದರೂ ಚೆನ್ನಾಗಿ ಮೊಳೆತಿರಬೇಕು. ರೈಜೋಬಿಯಂ ಅಣುಜೀವಿ ಗೊಬ್ಬರ ಲೇಪಿಸಿದ ಬೀಜವನ್ನು ನೆರಳಿನಲ್ಲಿಯೇ ಆರಿಸಬೇಕು. ಬಿಸಿಲಿಗೆ ಹಾಕಿದರೆ ಅಣುಜೀವಿಗಳು ಸಾಯುತ್ತವೆ. ಈ ಮಾತನ್ನು ಯಜಮಾನ ಕೇಳಿ ಬಂದು ಮನೆಯಲ್ಲಿ ಹೇಳಲು ಮರೆತರೆ, ಬೀಜ ಅಂಗಳದ ಬಿಸಿಲಿನಲ್ಲಿ ಒಣಗುತ್ತದೆ. ತಪ್ಪು ಬೀಜ ಒಣಗಿಸಿದ ತಾಯಿಯದಲ್ಲ. ಆಕೆಯನ್ನು ಕರೆಯದೆ ಹೋದವರದು.

"ತರಬೇತಿಗೆ ಯಾರು ಬೇಕಾದರೂ ಬರಬಹುದು" ಎಂದು ಪ್ರಕಟಣೆ ಹೊರಡಿಸಿದರೆ ಸಮಾನತೆ ಬಂದಂತಾಗುವುದಿಲ್ಲ. ಭಾಲ್ಕಿಯಾಗಲಿ ಔರಾದವಾಗಲಿ ಬೀದರ ನಗರದಿಂದ ಸುಮಾರು 40 ಕಿ.ಮೀ. ದೂರ. ಬೆಳಗಿನ ಹಾಲು, ಮೇವು, ಅಡಿಗೆ ಮುಗಿಸಿದ ಹೆಣ್ಣುಮಗಳು ಹತ್ತು ಗಂಟೆಗೆ ನಗರ ತಲುಪುವುದು ಕಷ್ಟ. ಕೂಲಿಯವರಿಗೆ ಒಂದು ದಿನದ ತರಬೇತಿ ಎಂದರೆ ಒಂದು ದಿನದ ಕೂಲಿ ಹೋದಂತೆ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಗಂಡಸರು ನೂರಕ್ಕೆ ಸುಮಾರು 79, ಹೆಂಗಸರು ಸುಮಾರು 62. ಹೀಗಿರುವಾಗ ಬರೀ ಕರಪತ್ರ ಹಂಚಿದರೆ ಸಾಲದು.

ಭಾಷೆಯ ಮಾತೂ ಇದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದುದನ್ನು ಈ ಭಾಗದವರು ಇಂದಿಗೂ ನೆನೆಯುತ್ತಾರೆ. ತಿಳಿಯುವ ಮಾತಿನಲ್ಲಿ ಕಲಿಸಬೇಕೆಂಬುದೇ ಅದರ ಪಾಠ. ಔರಾದದ ತಾಂಡಾಗಳಲ್ಲಿ ಲಂಬಾಣಿ, ಗಡಿಯ ಹಳ್ಳಿಗಳಲ್ಲಿ ಮರಾಠಿ ಆಡುವವರಿಗೂ ಈ ನ್ಯಾಯ ಸಲ್ಲಬೇಕು.

ಕೃಷಿ ವಿಜ್ಞಾನ ಕೇಂದ್ರಗಳು ದೇಶದಲ್ಲಿ 1974ರಲ್ಲಿ ಪಾಂಡಿಚೇರಿಯಿಂದ ಆರಂಭವಾದುದೇ ಮಾಡಿ ಕಲಿಯುವ ತತ್ತ್ವದ ಮೇಲೆ. ಆ ತತ್ತ್ವ ಫಲಿಸಬೇಕಾದರೆ ಹೀಗೆ ಮಾಡಬಹುದು:

1. ಬೀಜೋಪಚಾರ, ಹೈನುಗಾರಿಕೆಯ ತರಬೇತಿಗೆ ಗಂಡ-ಹೆಂಡತಿ ಇಬ್ಬರನ್ನೂ ಕರೆಯಬೇಕು. ಪಹಣಿ ಇಲ್ಲದ ಕೂಲಿಕಾರರನ್ನು ಹೊರಗಿಡಬಾರದು.

2. ತರಬೇತಿ ಊರಿನಲ್ಲಿಯೇ, ತಾಂಡಾದಲ್ಲಿಯೇ, ಕಳೆ ಮತ್ತು ಕೊಯ್ಲಿನ ದಿನಗಳನ್ನು ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ನಡೆಯಬೇಕು.

3. ಹೇಳುವುದಕ್ಕಿಂತ ಮಾಡಿ ತೋರಿಸುವುದು ಹೆಚ್ಚಾಗಬೇಕು. ಕಲಿತವರು ಎಲ್ಲರೆದುರು ತಾವೇ ಒಮ್ಮೆ ಮಾಡಬೇಕು.

4. ಕೂಸುಗಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು. ಕಣ್ಣು, ಕಾಲು ಸ್ವಾಧೀನವಿಲ್ಲದವರಿಗೆ ಮುಂದಿನ ಸಾಲಿನಲ್ಲಿ ಸ್ಥಳವಿರಬೇಕು.

ಇನ್ನು ಮಕ್ಕಳ ಮುಂದಿನ ಓದು. ಸಂವಿಧಾನದ 371(ಜೆ) ವಿಧಿಯ ಮೇರೆಗೆ 2013ರಿಂದ ಕಲ್ಯಾಣ ಕರ್ನಾಟಕದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8 ಸೀಟುಗಳು ಈ ಭಾಗದವರಿಗೆ ಮೀಸಲಾಗಿವೆ. ಬೀದರಿನಲ್ಲಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಆದರೆ ಸಹಾಯಕ ಆಯುಕ್ತರಿಂದ ಅರ್ಹತಾ ಪತ್ರ ಪಡೆಯದಿದ್ದರೆ ಈ ಸೀಟು ಕೈತಪ್ಪುತ್ತದೆ. ಪತ್ರಕ್ಕೆ ಅರ್ಜಿಯನ್ನು ಪಿ.ಯು.ಸಿ. ಪರೀಕ್ಷೆಗೆ ಮೊದಲೇ ಕೊಡಿರಿ. ಮಗನಿಗೆ ಕೊಡಿಸಿದಂತೆ ಮಗಳಿಗೂ ಕೊಡಿಸಿರಿ.

ಹೊಲದ ಒಂದು ಮೂಲೆಗೆ ನೀರು ಹಾಯಿಸಿ ಉಳಿದುದನ್ನು ಒಣಗಲು ಬಿಟ್ಟ ರೈತ ರಾಶಿಯ ದಿನ ಕೊರಗುತ್ತಾನೆ. ವಿದ್ಯೆಯ ನೀರೂ ಹಾಗೆಯೇ. ಮುಂದಿನ ತರಬೇತಿಗೆ ಹೊರಡುವ ಪ್ರತಿಯೊಬ್ಬ ರೈತರೂ ಮನೆಯ ಹೆಣ್ಣುಮಗಳನ್ನೂ ನೆರೆಯ ಕೂಲಿಕಾರರೊಬ್ಬರನ್ನೂ ಜೊತೆಯಲ್ಲಿ ಕರೆತರಲಿ.